ಸೂಪಿನ ಮೇಲೊಂದು ಅನುಮಾನ

ನಾನು ಯಾವ ಪೊಟ್ಟಣವನ್ನೂ ಮುಂಭಾಗದಿಂದ ನೋಡುವವನಲ್ಲ; ಕೈಗೆ ಸಿಕ್ಕ ಕೂಡಲೇ ಹಿಂದೆ ತಿರುಗಿಸುತ್ತೇನೆ. ಪರ್ತ್‌ನ ಸದರ್ನ್ ರಿವರ್ ಬಡಾವಣೆಯಲ್ಲಿ ಮನೆ ಮಾಡಿದಂದಿನಿಂದ ಹತ್ತಿದ ಚಟ ಇದು. ಮೊಸರಿನಲ್ಲಿ ಪ್ರಾಣಿಮೂಳೆಯ ಜೆಲಟಿನ್ ಅಡಗಿರುತ್ತದೆ, ಚೀಸಿನಲ್ಲಿ ಕರುವಿನ ಹೊಟ್ಟೆಯದೇನೋ ಇರುತ್ತದೆ, ಬಿಸ್ಕತ್ತನ್ನಂತೂ ನಂಬುವ ಹಾಗೇ ಇಲ್ಲ. ಎಲೆನ್‌ಬ್ರೂಕ್ ಬಡಾವಣೆಯ ಗೆಳೆಯರು ಬಾರ್ಬಿಗೆ, ಅಂದರೆ ಹಿತ್ತಲ ಬಾರ್ಬೆಕ್ಯೂ ಊಟಕ್ಕೆ, ಕರೆದರೆ, "ತವಾ ಬೇರೆ ಇದ್ಯಾ?" ಎಂದು ಕೇಳಿಕೊಂಡೇ ಹೊರಡುವುದು. ಈಚೀಚೆಗೆ ಕರೆಯುವವರು ಕಡಿಮೆಯಾಗಿದ್ದಾರೆ, ಏಕೋ ಗೊತ್ತಿಲ್ಲ.

ಇಂಥವನು ಮಗಳನ್ನೂ ಮೈಸೂರಿನಿಂದ ಬಂದಿದ್ದ ಅಮ್ಮನನ್ನೂ ಕಟ್ಟಿಕೊಂಡು ಜಪಾನಿಗೆ ಹೋದರೆ ಏನಾಗಬೇಕೋ ಅದೇ ಆಯಿತು. ಆ ದೇಶದಲ್ಲಿ ಮೀನು ತಟ್ಟೆಯಲ್ಲಿ ಕಾಣದಿದ್ದರೂ ಸಾರಿನಲ್ಲಿ ಕರಗಿರುತ್ತದೆ ಎಂದು ಎಲ್ಲೋ ಓದಿಕೊಂಡಿದ್ದೆ. ಅಮ್ಮ ಚಮಚ ಎತ್ತಿದಾಗಲೆಲ್ಲ "ತಡಿ ತಡಿ" ಎನ್ನುತ್ತಿದ್ದೆ. ನಾನು ಹೇಳಿದ ಮೇಲೆ ಮುಗಿಯಿತು, ಅವಳು ಮುಟ್ಟುವವಳಲ್ಲ. ಬಾಳೆಹಣ್ಣು, ನಾವೇ ಒಯ್ದಿದ್ದ ಅವಲಕ್ಕಿಯಲ್ಲೇ ದಿನ ದೂಡಿ ಅವಳ ಮುಖ ಇಳಿದುಹೋಗಿತ್ತು. ಬೆಟ್ಟದ ಮೇಲಿನ ಬೌದ್ಧ ದೇವಾಲಯಕ್ಕೆ ಮೆಟ್ಟಿಲು ಹತ್ತುವಾಗ ತಲೆಸುತ್ತು ಎಂದು ಕೂತುಬಿಟ್ಟಳು. ಇವಳಿಗೆ ಒಂದು ಬಿಸಿ ಊಟ ಸಿಗದಿದ್ದರೆ ಏನು ಗತಿ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಶತಮಾನಗಳಷ್ಟು ಹಳೆಯ ದೇವಾಲಯ, ಸುತ್ತ ಆಕಾಶ ಮುಟ್ಟುವ ದೇವದಾರು ಮರಗಳು. ಎಲ್ಲರೂ ಅವನ್ನು ನೋಡುತ್ತಿದ್ದರೆ ನಾನು ನೋಡುತ್ತಿದ್ದದ್ದು ಅಡುಗೆಮನೆಯ ಹೊಗೆಯನ್ನು. ಬೌದ್ಧಧರ್ಮವೇನೋ ನಮ್ಮಲ್ಲಿಂದಲೇ ಹೊರಟು ಚೀನಾ, ಕೊರಿಯಾ ದಾಟಿ ಇಲ್ಲಿಗೆ ಬಂದದ್ದು. ಅಷ್ಟು ದೂರದ ದಾರಿಯಲ್ಲಿ ಸಾರಿನೊಳಗೆ ಏನೇನು ಸೇರಿಕೊಂಡಿತೋ ಯಾರು ಬಲ್ಲರು?

ಮಧ್ಯಾಹ್ನದ ಊಟಕ್ಕೆ ಅನ್ನ, ತೋಫು, ಹಬೆಯಾಡುವ ಸೂಪು ಬಂದವು. ಬಡಿಸಿದ ಭಿಕ್ಷುವಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು.

"ಫಿಶ್?" ಎಂದೆ.

"ನೋ ಫಿಶ್," ಎಂದರು.

ಫಿಶ್ ಪೌಡರ್? ಫಿಶ್ ವಾಟರ್? ಎಲ್ಲಕ್ಕೂ ನಗುಮುಖದ 'ನೋ'. ಅಷ್ಟೊಂದು ನಗು ಕಂಡು ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

"ಡ್ಯಾಡ್, ಇಟ್ಸ್ ಅ ಟೆಂಪಲ್!" ಎಂದು ಮಗಳು ತಲೆ ತಗ್ಗಿಸಿದಳು.

ಅಮ್ಮ ನಿಟ್ಟುಸಿರು ಬಿಟ್ಟು ಚೀಲದಿಂದ ಚಟ್ನಿಪುಡಿಯ ಡಬ್ಬಿ ತೆಗೆದಳು. "ಹೋಗ್ಲಿ ಬಿಡಪ್ಪ, ಬರೀ ಅನ್ನಕ್ಕೆ ಇದನ್ನೇ ಕಲಸ್ಕೋತೀನಿ."

ಮುಚ್ಚಳ ತೆರೆದದ್ದೇ ತಡ, ಘಮ ಎದ್ದಿತು. ಭಿಕ್ಷುವಿನ ನಗು ಅಲ್ಲೇ ನಿಂತಿತು. ಮೂಗು ಡಬ್ಬಿಯತ್ತ ತಿರುಗಿತು. ಥೇಟ್ ನನ್ನದೇ ದನಿಯಲ್ಲಿ ಕೇಳಿದರು: "ಗಾರ್ಲಿಕ್?"

ಬೆಳ್ಳುಳ್ಳಿ ಇಟ್ಟುಕೊಂಡವರು ಒಳಗೆ ಬರಬಾರದೆಂದು ಹೆಬ್ಬಾಗಿಲ ಪಕ್ಕದ ಕಲ್ಲಿನಲ್ಲೇ ಕೆತ್ತಿದೆಯಂತೆ. ಅವರು ಫೋನಿನಲ್ಲಿ ಅನುವಾದ ಮಾಡಿ ತೋರಿಸಿದಾಗ ತಿಳಿಯಿತು. ಆ ಕಲ್ಲಿಗೆ ಒರಗಿಕೊಂಡೇ ನಾವು ಫೋಟೋ ತೆಗೆಸಿಕೊಂಡಿದ್ದೆವು. ಅಷ್ಟು ಮಡಿಯ ಜಾಗಕ್ಕೆ ಮೈಲಿಗೆ ತಂದವರು ನಾವೇ! ನಾನು ನಾಚಿಕೆಯಿಂದ "ಸಾರಿ, ಸಾರಿ" ಎಂದು ಕೈಮುಗಿದೆ.

ಅಮ್ಮ ಮಾತ್ರ ಡಬ್ಬಿಯನ್ನು ಚೀಲದ ತಳಕ್ಕೆ ತುರುಕಿ, ಸೂಪಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ನಮ್ ಚಟ್ನಿಪುಡೀನೇ ಅನುಮಾನ ಪಡೋರು ಅಂದ್ಮೇಲೆ ಇವ್ರನ್ನ ನಂಬಬೋದು ಕಣೋ," ಎಂದವಳೇ ಕುಡಿಯತೊಡಗಿದಳು.

ಅವಳ ಮುಖಕ್ಕೆ ಕಳೆ ಬರುವುದನ್ನು ನೋಡಿ ನನ್ನ ಕಣ್ಣು ತುಂಬಿತು. ಆದರೂ ಅಭ್ಯಾಸಬಲ, ನನ್ನ ಬಟ್ಟಲು ಬಾಯಿಗೆ ಹೋಗುವ ಬದಲು ಮೂಗಿನ ಹತ್ತಿರವೇ ನಿಂತಿತ್ತು.

ಅಮ್ಮ ಖಾಲಿ ಬಟ್ಟಲನ್ನು ಕೆಳಗಿಟ್ಟು ಕೈ ಚಾಚಿದಳು. "ನಿಂಗಿನ್ನೂ ಅನುಮಾನ ಇದ್ರೆ ಅದನ್ನೂ ಇಲ್ಲಿ ಕೊಡು."