ಸದ್ದಿಲ್ಲದ ಮೆಷಿನ್ನು, ಅತ್ತೆಯ ತಕರಾರು

‘ನಂಬುತ್ತೇನೆ.’ ಹೇಳಬೇಕಾಗಿದ್ದುದು ಅದೊಂದೇ ಮಾತು. ಭಾನುವಾರ ಮಗುವಿಗೆ ದೀಕ್ಷಾಸ್ನಾನ. ಮಗುವನ್ನು ಎತ್ತಿಕೊಂಡು ಸಭೆಯ ಮುಂದೆ ನಿಂತಾಗ ಪಾಸ್ಟರ್ ಕೇಳುತ್ತಾರೆ, ತಾಯಿ ಎಲ್ಲರಿಗೂ ಕೇಳುವಂತೆ ಉತ್ತರಿಸಬೇಕು. ಆ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ನುಂಗಲೂ ಆಗದು, ಉಗುಳಲೂ ಆಗದು.

ಚಿಂತೆ ಅವಳಿಗೆ ಹೊಸದೇನಲ್ಲ. ಕುದಿಸಿದ ಹಾಲಿನ ಬಾಟಲಿಯನ್ನು ಮತ್ತೊಮ್ಮೆ ಕುದಿಸುವವಳು. ಮಲಗಿದ ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿದು, ಅದನ್ನು ಎಬ್ಬಿಸಿ ಅಳಿಸಿ, ಸದ್ಯ ಉಸಿರಾಡುತ್ತಿದೆ ಎಂದು ಸಮಾಧಾನಪಡುವವಳು. “ನೀನು ಹೀಗೆ ನೋಡ್ತಾ ಇದ್ರೆ ಅದಕ್ಕೆ ಉಸಿರಾಡೋಕೂ ಭಯ ಆಗುತ್ತೆ ಕಣೆ” ಎಂದು ಗಂಡ ನಗುತ್ತಿದ್ದ.

ಆದರೆ ಇದು ನಕ್ಕು ಮರೆಯುವ ಚಿಂತೆಯಾಗಿರಲಿಲ್ಲ. ಮಗು ದಿನ ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ತೊಟ್ಟಿಲಲ್ಲಿ ಮಲಗಿತ್ತು. ಹೊರಗಿನ ಬೆಂಚಿನಲ್ಲಿ ಅವಳೂ ಪಕ್ಕದ ತೊಟ್ಟಿಲಿನ ಮಗುವಿನ ತಾಯಿಯೂ ಒಟ್ಟಿಗೇ ಕೂತು ಪ್ರಾರ್ಥಿಸಿದ್ದರು. ಒಂದು ಬೆಳಿಗ್ಗೆ ಪಕ್ಕದ ತೊಟ್ಟಿಲು ಖಾಲಿಯಾಗಿತ್ತು. ಅವಳ ಮಗುವೇನೋ ಮನೆಗೆ ಬಂತು. ಈಗ ಕೆನ್ನೆ ಊದಿಕೊಂಡು, ಮನೆಮಂದಿಯ ಬಾಯಲ್ಲಿ ಗುಂಡಮ್ಮ ಎಂದು ಕರೆಸಿಕೊಳ್ಳುತ್ತಿತ್ತು. ನೋಡಲು ಬಂದವರೆಲ್ಲ, “ದೇವರು ನಿನ್ನ ಮೊರೆ ಕೇಳಿದ” ಎನ್ನುತ್ತಿದ್ದರು. ಆಗೆಲ್ಲ ಅವಳಿಗೆ ಆ ಖಾಲಿ ತೊಟ್ಟಿಲು ನೆನಪಾಗುತ್ತಿತ್ತು. ಹಾಗಾದರೆ ಆ ಇನ್ನೊಬ್ಬ ತಾಯಿಯ ಮೊರೆ ಯಾಕೆ ಕೇಳಲಿಲ್ಲ? ಕೇಳುವವನು ಅಲ್ಲಿ ನಿಜವಾಗಿ ಇದ್ದಾನೆಯೇ?

ಪಾಸ್ಟರಿಗೆ ಫೋನ್ ಮಾಡಿ ದೀಕ್ಷಾಸ್ನಾನವನ್ನು ಮುಂದಕ್ಕೆ ಹಾಕಿಸಬೇಕೆಂದು ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡಳು. ಮಗುವಿಗೆ ನೆಗಡಿ ಎನ್ನಬಹುದು. ಆದರೆ ಸಭೆಯ ಮುಂದೆ ಸುಳ್ಳು ಹೇಳಬಾರದೆಂದು ಪಾಸ್ಟರ್ ಹತ್ತಿರ ಸುಳ್ಳು ಹೇಳುವುದು ಯಾವ ನ್ಯಾಯ? ಫೋನ್ ಮತ್ತೆ ಕೆಳಗೆ.

ಎಲ್ಲಕ್ಕಿಂತ ಹೆಚ್ಚಿನ ಭಯ ಅತ್ತೆಯದು. ಬೀದಿಯವರ ಬಾಯಲ್ಲಿ ಅವರು ಟೈಲರಮ್ಮ. ಹೊಲಿಗೆ ಗಂಡನ ಕಸುಬು. ನಾಲ್ಕು ದಿನದ ಜ್ವರಕ್ಕೆ ಆತ ಹೋದಾಗ ಮಗನಿನ್ನೂ ಮೊಣಕಾಲುದ್ದ. ಅತ್ತೆಗೆ ಸೂಜಿಗೆ ದಾರ ಪೋಣಿಸುವುದಷ್ಟೇ ಗೊತ್ತಿತ್ತು. ಗಂಡನ ಕಾಲುಮೆಷಿನ್ನಿನ ಮುಂದೆ ಕೂತು, ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದು ಕಲಿತರು. ಅವರು ಹೊಲಿದ ಮೊದಲ ಪ್ಯಾಂಟಿನ ಒಂದು ಕಾಲು ಗಿಡ್ಡವಾಗಿತ್ತು. ಹೊಲಿಸಿಕೊಂಡವನನ್ನು, “ನೀನೇ ನೆಟ್ಟಗೆ ನಿಂತಿಲ್ಲ” ಎಂದು ದಬಾಯಿಸಿ ಕಳಿಸಿದ್ದರಂತೆ. ಈಗ ಪಾಸ್ಟರ್ ನಿಲುವಂಗಿಯಿಂದ ಹಿಡಿದು ಹಾಡುವವರ ಅಂಗಿಯವರೆಗೆ ಎಲ್ಲವೂ ಅವರ ಕೈಯದೇ. ಆರಾಧನೆಯಲ್ಲಿ ಎರಡನೇ ಸಾಲಿನಲ್ಲಿ ಕೂತು, ರಾಗಕ್ಕೂ ತಮಗೂ ಸಂಬಂಧವಿಲ್ಲದಂತೆ ಗಂಟಲು ಹರಿಯುವ ಹಾಗೆ ಹಾಡುತ್ತಾರೆ. ಇಂಥವರ ಮುಂದೆ, ‘ಅತ್ತೆ, ನನಗೆ ಅನುಮಾನ’ ಎಂದು ಬಾಯಿ ಬಿಡುವುದುಂಟೇ!

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಸ ಕರೆಂಟ್ ಮೆಷಿನ್ನು ಬಂದಿತ್ತು. ಅಮ್ಮನ ಮಂಡಿನೋವು ನೋಡಲಾಗದೆ ಮಗ ಮೊನ್ನೆಯಷ್ಟೇ ಕೊಡಿಸಿದ್ದು. ಹಳೆಯ ಕಾಲುಮೆಷಿನ್ನನ್ನು ಮೂಲೆಗೆ ತಳ್ಳಿದ್ದರು, ಅದರ ಮೇಲೆ ಗುಂಡಮ್ಮನ ಟೋಪಿ, ಕಾಲುಚೀಲ. ಹಳೆಯದು ಓಡಿದರೆ ಗೋಡೆಯ ಗಡಿಯಾರವೇ ನಡುಗುತ್ತಿತ್ತು. ಹೊಸದು ಬೆಕ್ಕಿನ ಮರಿಯಂತೆ ಗುರುಗುಟ್ಟುತ್ತಿತ್ತು, ಅಷ್ಟೇ.

ಆ ಮಧ್ಯಾಹ್ನ ಅವಳು ಪರದೆಯ ಈಚೆ ಮಗುವಿನ ಬಟ್ಟೆ ಮಡಚುತ್ತಿದ್ದಳು. ಆಚೆ ಅತ್ತೆ ದೀಕ್ಷಾಸ್ನಾನದ ಬಿಳಿ ಫ್ರಾಕಿಗೆ ಅಂಚು ಹೊಲಿಯುತ್ತಿದ್ದರು. ಇದ್ದಕ್ಕಿದ್ದಂತೆ ಅವರ ದನಿ ಕೇಳಿಸಿತು.

“ಏನಪ್ಪಾ ನೀನು? ಅವತ್ತಿಂದ ಒಂದೇ ಮಾತು ಕೇಳ್ತಿದ್ದೀನಿ. ಒಂದು ಗುಂಡಿ ಹಚ್ಚೋಕೂ ಬಾರದವಳ ಕೈಗೆ ಮಗೂನ ಕೊಟ್ಟು ಅವರನ್ನ ಕರ್ಕೊಂಡುಬಿಟ್ಯಲ್ಲ, ಯಾಕೆ?”

ಯಾರೊಡನೆ ಮಾತು? ಮೊದಲಿಗೆ ಅವಳಿಗೆ ತಿಳಿಯಲಿಲ್ಲ.

“ಸರಿ, ನನ್ನದು ಹಳೇ ಕೇಸು. ಈ ಹುಡುಗಿ ಕಥೆ ಏನು ಹೇಳು. ಮೂರು ಹೊತ್ತೂ ಮುಖ ಬಾಡಿಸ್ಕೊಂಡು ಓಡಾಡ್ತಾಳೆ, ನನ್ನ ಹತ್ರ ಬಾಯಿ ಬಿಡಲ್ಲ. ನಿನ್ನ ಹತ್ರನಾದ್ರೂ ಹೇಳಿದ್ದಾಳಾ? ಹೇಳಿದ್ರೆ ನೀನು ಕಿವಿಗೆ ಹಾಕ್ಕೊಂಡ್ಯಾ? ಸುಮ್ನೆ ಇದ್ರೆ ಹೇಗೆ? ಒಂದು ಉತ್ತರ ಕೊಡೋಕೆ ಏನು ಧಾಡಿ ನಿನಗೆ?”

“ಅಮ್ಮಾ!” ಬಾಗಿಲಲ್ಲಿ ಇನ್ನೊಂದು ದನಿ. “ನಿಮಗೆ ಕಾಗದ ಬಂದಿದ್ರೆ ಅಲ್ವಾ ನಾನು ಕೊಡೋದು? ನನ್ನ ಮೇಲೆ ಯಾಕಮ್ಮಾ ರೇಗ್ತೀರಿ?”

ಪೋಸ್ಟ್‌ಮ್ಯಾನ್! ಉದ್ದ ಕಡಿಮೆ ಮಾಡಿಸಲು ಪ್ಯಾಂಟು ಹಿಡಿದು ಬಂದಿದ್ದವನು ತಮಾಷೆಗೆ ಬಾಯಿ ಹಾಕಿದ್ದ. ಮೆಷಿನ್ನು ಗಕ್ಕನೆ ನಿಂತಿತು. ಅವಳಿಗೆ ನಗು ತಡೆಯಲಾಗಲಿಲ್ಲ. ಮಗುವನ್ನು ಎತ್ತಿಕೊಂಡು ಪರದೆ ಸರಿಸಿದರೆ, ಅತ್ತೆಯ ಮುಖ ಕೆಂಪಾಗಿತ್ತು.

“ನೀನೂ ಇಲ್ಲೇ ಇದ್ಯಾ? ಮೆಷಿನ್ ಓಡ್ತಿರುವಾಗ ಹೇಗೆ ಕೇಳಿಸ್ತು?”

“ಇದಕ್ಕೆ ಸದ್ದೇ ಇಲ್ಲವಲ್ಲ ಅತ್ತೆ!”

ಅಲ್ಲಿಗೆ ಗುಟ್ಟು ಬಯಲಾಯಿತು. ಕಾಲುಮೆಷಿನ್ನಿನ ಗಲಾಟೆಯ ಮರೆಯಲ್ಲಿ ದೇವರೊಡನೆ ಜಗಳವಾಡುವುದು ಅತ್ತೆಗೆ ಗಂಡ ಹೋದಾಗಿನಿಂದ ಬಂದ ಅಭ್ಯಾಸ. ಮೆಷಿನ್ನು ಬದಲಾಯಿತು, ದನಿ ಬದಲಾಗಲಿಲ್ಲ.

“ಬೀದಿಗೆಲ್ಲ ಗೊತ್ತಮ್ಮಾ” ಎಂದ ಪೋಸ್ಟ್‌ಮ್ಯಾನ್ ಸಮಾಧಾನದ ದನಿಯಲ್ಲಿ. “ಹಳೇ ಮೆಷಿನ್ ಇದ್ದಾಗ ಮಧ್ಯೆ ಮಧ್ಯೆ ಮಾತು ತಪ್ಪಿಹೋಗ್ತಿತ್ತು. ಈಗ ಪೂರ್ತಿ ಅರ್ಥ ಆಗುತ್ತೆ.”

“ಪ್ಯಾಂಟ್ ಇಟ್ಟು ಹೊರಡಯ್ಯಾ! ಮಗ ಕೊಡಿಸಿದ ಮೆಷಿನ್ನು ನನ್ನ ಮಾನ ತೆಗೀತು.”

ಅವನು ಹೋದ ಮೇಲೂ ಇಬ್ಬರೂ ಕಣ್ಣೀರು ಬರುವಷ್ಟು ನಕ್ಕರು. ಏನೂ ತಿಳಿಯದ ಗುಂಡಮ್ಮನೂ ಹಲ್ಲಿಲ್ಲದ ಬಾಯಿ ತೆರೆದು ಕೇಕೆ ಹಾಕಿತು. ನಗು ಇಳಿದಾಗ ಅವಳು ಸ್ಟೂಲಿನ ಮೇಲೆ ಕೂತಳು.

“ಅತ್ತೆ, ದೇವರನ್ನ ಹಾಗೆಲ್ಲ ಕೇಳಬಹುದಾ?”

“ಇನ್ಯಾರನ್ನ ಕೇಳಲಿ? ಅವನ ಮೇಲಿನ ಸಿಟ್ಟನ್ನ ಪಕ್ಕದ ಮನೆಯವಳ ಹತ್ರ ಹೇಳಿದ್ರೆ ಅದು ಚಾಡಿ. ಅವನ ಮುಖಕ್ಕೇ ಹೇಳಿದ್ರೆ ಪ್ರಾರ್ಥನೆ.”

“ಉತ್ತರ ಸಿಕ್ಕಿತಾ?”

“ಇಲ್ಲ.”

“ಮತ್ತೆ?”

“ಮತ್ತೇನು? ನಾನು ಕೇಳೋದು ಬಿಟ್ಟಿಲ್ಲ, ಅವನು ಎದ್ದು ಹೋಗಿಲ್ಲ.”

ಆಗ ಅವಳು ಎಲ್ಲವನ್ನೂ ಹೇಳಿದಳು, ಬೆಂಚು, ಖಾಲಿ ತೊಟ್ಟಿಲು, ಗಂಟಲಲ್ಲಿ ಸಿಕ್ಕಿಕೊಂಡ ಮಾತು. ಅತ್ತೆ ಫ್ರಾಕಿನ ಅಂಚಿನಿಂದ ನೇತಾಡುತ್ತಿದ್ದ ದಾರವನ್ನು ಕತ್ತರಿಸಿದರು.

“ನನಗೂ ಗೊತ್ತಿಲ್ಲ ಕಣೆ” ಎಂದರು. “ಕಾಯಿಲೆ ಮಗನನ್ನ ಯೇಸು ಹತ್ರ ಕರ್ಕೊಂಡು ಬಂದ ಅಪ್ಪ ಒಬ್ಬ ಇದ್ದಾನಲ್ಲ, ನಂಬ್ತೀನಿ ಅಂದ. ಅದೇ ಉಸಿರಲ್ಲಿ, ನನ್ನ ನಂಬಿಕೆ ಸಾಲದು, ನೀನೇ ಕೈ ಹಿಡಿ ಅಂತ ಅತ್ತ. ಅವನನ್ನೇನು ಬೈದು ಕಳಿಸಿದನಾ?”

“ಅವನ ಮಗ ವಾಸಿಯಾದ ಅತ್ತೆ. ಪಕ್ಕದ ತೊಟ್ಟಿಲಿನ ಮಗು?”

“ಅದನ್ನೇ ಕೇಳು ಅಂತಿದ್ದೀನಿ! ಬಾಯಿ ಮುಚ್ಕೊಂಡು ನಿಲ್ಲಬೇಡ. ಇಷ್ಟು ದಿನ ಒಳಗೇ ಇಟ್ಕೊಂಡು ಒಣಗಿಹೋಗಿದ್ದೀಯ. ಮಗು ಜೊತೆ ಪ್ರಶ್ನೇನೂ ಎತ್ಕೊಂಡು ಹೋಗು.”

“ಪಾಸ್ಟರ್ ಏನಂದ್ಕೋತಾರೋ?”

“ಏನಾದ್ರೂ ಅಂದ್ರೆ ಮುಂದಿನ ಸಲ ಅವರ ಕಾಲರ್ ಬಿಗಿಯಾಗುತ್ತೆ ಬಿಡು.”

ಅವಳು ನಗುತ್ತಲೇ ಮೂಗು ಒರೆಸಿಕೊಂಡಳು. ಉತ್ತರ ಸಿಕ್ಕಿರಲಿಲ್ಲ. ಆದರೂ ಎದೆಯ ಮೇಲಿನ ಭಾರ ಯಾರೋ ಒಂದು ಕಡೆಯಿಂದ ಎತ್ತಿ ಹಿಡಿದಂತೆ ಹಗುರಾಗಿತ್ತು. ಸುಳ್ಳು ಹೇಳದೆಯೂ ಆ ಮಾತು ಹೇಳಬಹುದೆಂಬುದು ಅವಳಿಗೆ ಈವರೆಗೆ ಹೊಳೆದೇ ಇರಲಿಲ್ಲ. ಗುಂಡಮ್ಮನನ್ನು ಸೊಂಟಕ್ಕೇರಿಸಿಕೊಂಡು ಪರದೆಯ ಈಚೆ ಬಂದು ಫೋನ್ ಎತ್ತಿಕೊಂಡಳು. ನಂಬರ್ ಒತ್ತಿದಳು. ರಿಂಗಾಗತೊಡಗಿತು.

ಅಷ್ಟರಲ್ಲಿ ಆಚೆಯಿಂದ ದಡಬಡ ಸದ್ದು. ಗೋಡೆಯ ಗಡಿಯಾರ ನಡುಗಿತು. ಪರದೆಯ ಸಂದಿಯಿಂದ ಇಣುಕಿದರೆ, ಅತ್ತೆ ಮೂಲೆಯ ಹಳೆಯ ಮೆಷಿನ್ನಿನ ಮುಂದೆ ಕೂತಿದ್ದಾರೆ. ಮಗುವಿನ ಟೋಪಿ ಕಾಲುಚೀಲ ಅವರ ಮಡಿಲಲ್ಲಿ. ಮಂಡಿನೋವನ್ನು ಮರೆತು ಪೆಡಲು ತುಳಿಯುತ್ತಿದ್ದಾರೆ. ಸೂಜಿಯಲ್ಲಿ ದಾರವಿಲ್ಲ, ಅಡಿಯಲ್ಲಿ ಬಟ್ಟೆಯೂ ಇಲ್ಲ. ಬರೀ ಸದ್ದು, ಸೊಸೆಯ ಮಾತಿಗೊಂದು ಮರೆ.

“ಹಲೋ? ಯಾರಮ್ಮಾ? ಏನದು ಗಲಾಟೆ?”

“ಪಾಸ್ಟರ್, ನಾನು ಟೈಲರಮ್ಮನ ಸೊಸೆ. ಅದು ಅತ್ತೆ ಮೆಷಿನ್ನು.” ಅವಳು ದನಿ ಎತ್ತರಿಸಿದಳು. “ಭಾನುವಾರ ಬರ್ತೀವಿ. ನಂಬ್ತೀನಿ ಅಂತಾನೇ ಹೇಳ್ತೀನಿ. ಆದರೆ ಜೊತೆಗೆ ದೇವರಿಗೆ ಒಂದು ಪ್ರಶ್ನೇನೂ ತರ್ತಿದ್ದೀನಿ. ತರಬಹುದಾ?”

“ಟೈಲರಮ್ಮನ ಮನೆಯಿಂದ ಒಂದೇನಾ?” ಪಾಸ್ಟರ್ ನಕ್ಕರು.

“ಸದ್ಯಕ್ಕೆ ಒಂದೇ” ಎಂದಳು ಅವಳು, ನಗುತ್ತಾ, ಮಗುವಿನ ಕೈಯಿಂದ ಫೋನನ್ನು ಬಿಡಿಸಿಕೊಳ್ಳುತ್ತಾ. “ಈಗಲೇ ಹೇಳ್ತೀನಿ, ಕೇಳಿ.”