ಚಿತ್ರಕ್ಕೆ ಹಾಕಿದ ಪಿನ್ನು

ಎರಡು ಸಾವಿರದ ಮೂರರ ಚಳಿಗಾಲ. ಪರದೇಶದ ಹೌನ್ಸ್ಲೋದಲ್ಲಿದ್ದ ಮಗನ ಮನೆಯಿಂದ ಬೆಳಿಗ್ಗೆ ಎಂಟಕ್ಕೆ ಹೊರಟೆವು, ನಾನು ಮತ್ತು ಮೊಮ್ಮಗಳು ವಿದ್ಯಾ. ಎರಡು ಬಸ್ಸು, ಒಂದೂಕಾಲು ತಾಸಿನ ದಾರಿ. ಸೀರೆಯ ಮೇಲೆ ಮಗನ ಕೋಟು, ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಅವಳ ಕಾಲೇಜಿಗೆ ಅಮೆರಿಕದ ಕಪ್ಪು ಜನಾಂಗದ ಕಲಾವಿದೆಯೊಬ್ಬಳ ದೊಡ್ಡ ಚಿತ್ರ ಬಂದಿತ್ತು. ಅಲ್ಲಿ ಚಿತ್ರಗಳನ್ನು ಕಾಯುವ ಕೆಲಸಕ್ಕೆ ವಿದ್ಯಾ ವರ್ಷದಿಂದ ಕಾದಿದ್ದಳು. ಸಿಕ್ಕು ಮೂರೇ ದಿನ.

ಚಿತ್ರ ಕಂಡು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಗೋಡೆ ತುಂಬ ಹಳೆಯ ಬಟ್ಟೆಯ ತುಂಡು, ಹರಿದ ಕಾಗದ, ಮೇಲೆ ನೀಲಿ, ಕೆಂಪು ಬಣ್ಣ. ಮನುಷ್ಯರಿಲ್ಲ, ಮರವಿಲ್ಲ, ದೇವರಿಲ್ಲ.

"ಇದೇನವ್ವಾ, ಕೌದಿ ಹೊಲ್ಯಾಕ ಕುಂತು ಅರ್ಧಕ್ಕ ಎದ್ದು ಹೋಗ್ಯಾಳೇನು?"

"ಆಯಿ, ಪ್ಲೀಸ್! ಇಟ್ಸ್ ಅಬ್‌ಸ್ಟ್ರ್ಯಾಕ್ಟ್."

"ಏನರ ಇರ್ಲಿ. ಹೊತಗೊಂಡ್ರ ಚಳಿ ಹೋಗ್ತದೇನು?"

ಅವಳು ಬಂದವರನ್ನು ಮಾತಾಡಿಸಲು ಬಾಗಿಲಿಗೆ ಹೋದಳು. ನಾನು ಚಿತ್ರದ ಹತ್ತಿರ ಹೋದೆ. ಕೆಳಗಿನ ಮೂಲೆಯಲ್ಲಿ ಹೂವಿನ ಬಟ್ಟೆಯ ತುಂಡೊಂದು ಬಿಟ್ಟುಕೊಂಡು ತೂಗುತ್ತಿತ್ತು. ನಲವತ್ತು ವರ್ಷ ಕೌದಿ ಹೊಲಿದ ಕೈ, ಸುಮ್ಮನಿರಲಿಲ್ಲ. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಆ ತುಂಡಿಗೆ ಚುಚ್ಚಿ ಕೂಡಿಸಿಬಿಟ್ಟೆ.

ವಿದ್ಯಾ ಚೀರಿದಳು. ಮುಖ ಸುಣ್ಣದಂತಾಗಿತ್ತು. ಆ ತುಂಡು ತೂಗಲೆಂದೇ ಕಲಾವಿದೆ ಹಾಗೆ ಬಿಟ್ಟಿದ್ದಳಂತೆ! ಬೇಕೆಂದೇ ಬಿಚ್ಚಿ ಬಿಡುವವರೂ ಇದ್ದಾರೆಂದು ಅರವತ್ತೆಂಟು ವರ್ಷ ನನಗೆ ಗೊತ್ತಿರಲಿಲ್ಲ.

ಅವಳ ಮೇಲಿನ ಮೇಡಂ ಬಂದು, ಕೈಗವಸು ಹಾಕಿಕೊಂಡು ಪಿನ್ನು ತೆಗೆದಳು. ಎಳ್ಳಿನಷ್ಟು ಎರಡು ತೂತು ಉಳಿದವು. ಯಾರು ಮಾಡಿದರು, ನೀನೆಲ್ಲಿದ್ದೆ, ಬರೆದು ಕೊಡು ಎಂದು ವಿದ್ಯಾಳ ಮುಂದೆ ಹಾಳೆ ಇಟ್ಟಳು. ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು. ಹಾಳೆ ಕಸಿದುಕೊಂಡು ನಾಲ್ಕನೇ ಇಯತ್ತೆವರೆಗೆ ಶಾಲೆ ಕಲಿತ ನನ್ನ ಅಕ್ಷರದಲ್ಲಿ ನಾನೇ ಬರೆದೆ: 'ಪಿನ್ನು ಹಾಕಿದಾಕಿ ನಾನು. ಹುಡುಗಿದು ತಪ್ಪಿಲ್ಲ. ಬಿಚ್ಚಿದ್ದನ್ನು ಹಂಗೇ ಬಿಟ್ಟ ಚಿತ್ರದಾಕಿದೂ ತಪ್ಪೈತಿ.' ಕೆಳಗೆ ಸಹಿ ಹಾಕಿದೆ. ವಿದ್ಯಾಳಿಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ಗಟ್ಟಿಯಾಗಿ ಓದಿ ಹೇಳಿದೆ. ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಮೇಡಂ ನನ್ನನ್ನೇ ನೋಡಿ, ತಲೆಯಾಡಿಸಿ, ಹಾಳೆಯನ್ನೂ ಪಿನ್ನನ್ನೂ ಒಂದೇ ಲಕೋಟೆಗೆ ಹಾಕಿ ಕಪಾಟಿನಲ್ಲಿಟ್ಟಳು. ವಿದ್ಯಾ ನಾಳೆಯೂ ಕೆಲಸಕ್ಕೆ ಬರಲಿ ಎಂದಳು.

ಮರಳುವ ಬಸ್ಸಿನಲ್ಲಿ ರೊಟ್ಟಿ ಬಿಚ್ಚಿದೆ.

"ನಾ ಬರದದ್ದು ಬರೋಬ್ಬರಿ ಹೇಳಿದ್ಯೇನು?"

"ಐ ಸೆಡ್ ಯೂ ಆರ್ ವೆರಿ ವೆರಿ ಸಾರಿ, ಆಯಿ."

ರೊಟ್ಟಿ ಕೈಯಲ್ಲೇ ಉಳಿಯಿತು. ನನ್ನ ಅತ್ತೆಯ ಮುಂದೂ ನಾನು ಆ ಮಾತಾಡಿದವಳಲ್ಲ.

"ಹಂಗಂತ ನಾ ಎಲ್ಲಿ ಬರದೀನಿ?"

ಅವಳು ನನ್ನ ರೊಟ್ಟಿಯಲ್ಲಿ ಅರ್ಧ ಮುರಿದುಕೊಂಡಳು. ನಾನು ತಿರುಗಿ ನೋಡಿದೆ. ಕಾಲೇಜು ಮಂಜಿನಲ್ಲಿ ಮುಳುಗಿತ್ತು. ಕನ್ನಡ ಓದಬಲ್ಲವರು ಯಾರಾದರೂ ಅಲ್ಲಿಗೆ ಹೋದರೆ ಆ ಕಪಾಟು ತೆಗೆಸಿ ನೋಡಿರಿ. ಸಾರಿ ಎಂದು ಅದರಲ್ಲಿ ಎಲ್ಲೂ ಇಲ್ಲ.