ವೇಲ್ಸಿನ ಗಂಧಕದ ನೀರು, ನನ್ನ ಮೊಣಕಾಲು

ಲಂಡನ್ನಿನ ಕ್ರೋಯ್ಡನ್‌ನಲ್ಲಿ ಟ್ರಾಮ್ ಹೊಸದಾಗಿ ಓಡತೊಡಗಿದ ವರ್ಷ ಮಗ ಗಾಲಿಕುರ್ಚಿ ತಂದ. ಫ್ಲ್ಯಾಟಿನ ಬಾಗಿಲಲ್ಲಿ ಬಿಡಿಸಿಟ್ಟು, ಇನ್ನು ಹೊರಗೆ ಹೋಗುವುದಿದ್ದರೆ ಇದರಲ್ಲೇ ಎಂದ. ಅವನು ಡಾಕ್ಟರು, ನನ್ನ ಮೊಣಕಾಲಿನ ಎಕ್ಸ್‌ರೇ ನೋಡಿದವನು. ಅದೇ ಕಾಲಲ್ಲಿ ನಾನು ಅವನನ್ನು ಕಂಕುಳಲ್ಲಿ ಹೊತ್ತು ಧಾರವಾಡದ ಏರು ಹತ್ತಿದವಳು. ಒಮ್ಮೆ ಕೂತರೆ ಮಗ-ಸೊಸೆ ಮತ್ತೆ ಏಳಗೊಡುವುದಿಲ್ಲ ಅಂತ ಗೊತ್ತಿತ್ತು. ಕೂರಲಿಲ್ಲ.

ಆ ಬೇಸಿಗೆಯಲ್ಲಿ ಅವನು ಮೊದಲು ನೌಕರಿ ಮಾಡಿದ ವೇಲ್ಸ್ ಕಡೆ ಸೊಸೆ, ಮೊಮ್ಮಗಳ ಜೊತೆ ಕಾರಿನಲ್ಲಿ ಹೊರಟೆವು. ಕುರ್ಚಿಯೂ ಡಿಕ್ಕಿಯಲ್ಲಿ ಬಂತು. ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿಯ ಗಂಧಕದ ನೀರು ಕುಡಿದು ರೋಗ ಕಳೆದುಕೊಳ್ಳಲು ಒಂದು ಕಾಲಕ್ಕೆ ರೈಲು ತುಂಬ ಜನ ಬರುತ್ತಿದ್ದರಂತೆ. ಈಗ ದೊಡ್ಡ ಹೋಟೆಲುಗಳ ಕಿಟಕಿಗೆ ಹಲಗೆ ಬಡಿದಿದ್ದಾರೆ. ಪಾರ್ಕಿನಲ್ಲಿ ನೀರು ಮಾತ್ರ ಸುರಿಯುತ್ತಿದೆ, ಕೊಳೆತ ಮೊಟ್ಟೆಯ ನಾತ.

ಕಾರಿನಿಂದ ಅಲ್ಲಿಯವರೆಗೆ ಮಾತ್ರ ಅಂತ ಹೇಳಿ ಮಗ ನನ್ನನ್ನು ಕಡೆಗೂ ಕುರ್ಚಿಯಲ್ಲಿ ಕೂರಿಸಿಯೇ ಬಿಟ್ಟ.

ಬೆಂಚಿನ ಮೇಲೆ ಆ ಊರಿನ ಮುದುಕಿಯೊಬ್ಬಳಿದ್ದಳು. ಅವಳ ತಾಯಿ ಅಲ್ಲೇ ಬಂದವರಿಗೆ ಗ್ಲಾಸಿನಲ್ಲಿ ನೀರು ಕೊಡುವ ಕೆಲಸಕ್ಕಿದ್ದಳಂತೆ. ಮಗ ಅವಳ ಮಾತನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದ. ಒಂದು ಗ್ಲಾಸು ಕುಡಿದವರು ಸುಮ್ಮನೆ ಕೂರುವಂತಿರಲಿಲ್ಲ. ಬ್ಯಾಂಡಿನವರು ಬಾರಿಸುತ್ತಿದ್ದಂತೆ ಪಾರ್ಕು ಸುತ್ತಿ ಬರಬೇಕು, ಆಮೇಲೆಯೇ ಇನ್ನೊಂದು ಗ್ಲಾಸು. ಕೋಲು ಹಿಡಿದವರೂ ಅಷ್ಟೇ. ಕೂತವರಿಗೆ ಅವಳ ತಾಯಿ ನೀರೇ ಕೊಡುತ್ತಿರಲಿಲ್ಲ.

ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತೀರ್ಥ, ಆಮೇಲೆ ಪ್ರದಕ್ಷಿಣೆ. ಕುರ್ಚಿಯಿಂದ ಎದ್ದೆ.

"ಅವ್ವಾ, ಈ ನೀರು ಕುಡೀಬಾರದು ಅಂತ ಬೋರ್ಡ್ ಐತಿ."

"ನಡೀಬಾರದು ಅಂತ ಐತೇನು?"

ಇಲ್ಲ ಎಂದ.

"ಹಂಗಾರ ಸರಿ."

ಅಂಗೈಯಲ್ಲಿ ನೀರು ಹಿಡಿದು ಕಣ್ಣಿಗೊತ್ತಿಕೊಂಡೆ, ಉಳಿದದ್ದನ್ನು ತಲೆಗೆ ಸವರಿಕೊಂಡೆ. ಸೊಸೆ ಮೂಗು ಮುಚ್ಚಿಕೊಂಡು, ಲಂಡನ್‌ವರೆಗೆ ಕಾರಿನ ಕಿಟಕಿ ತೆರೆದೇ ಇಡಬೇಕು ಎಂದಳು. ಇಡಲಿ. ನಾನು ಪಾರ್ಕು ಸುತ್ತಲು ಹೊರಟೆ. ಆ ಮುದುಕಿಯೂ ಕೋಲೂರಿಕೊಂಡು ಜೊತೆಗೆ ಬಂದಳು. ಅವಳ ಮಾತು ನನಗೆ ತಿಳಿಯದು, ನನ್ನದು ಅವಳಿಗೆ ತಿಳಿಯದು. ಇಬ್ಬರೂ ಬಾಯಿ ಮುಚ್ಚಲಿಲ್ಲ.

ನೋವಾಯಿತು, ಜೀವ ಹೋಗುವಷ್ಟು ಆಯಿತು. ಆ ನೀರಿನಿಂದ ಕಾಲು ವಾಸಿಯಾಯಿತು ಅಂತ ಸುಳ್ಳು ಹೇಳಲಾರೆ. ತಿರುಗಿ ನೋಡಿದರೆ ಮಗ ಖಾಲಿ ಕುರ್ಚಿ ತಳ್ಳಿಕೊಂಡು ಹಿಂದೆಯೇ ಬರುತ್ತಿದ್ದ, ನಾನು ಬೀಳುವುದನ್ನೇ ಕಾಯುತ್ತಿದ್ದಂತಿತ್ತು. ಸುತ್ತು ಮುಗಿಯುವ ಹೊತ್ತಿಗೆ ಮೊಮ್ಮಗಳು ಅದರಲ್ಲಿ ಹತ್ತಿ ಕೂತು, ಇನ್ನೂ ಜೋರಾಗಿ ತಳ್ಳು ಅಂತ ಇಂಗ್ಲಿಷಿನಲ್ಲಿ ಅವನನ್ನು ಗದರಿಸುತ್ತಿದ್ದಳು.